ಬಾಕ್ಸು ಹಾಡಬಾರದು

ನನ್ನ ಗಿಟಾರಿನ ಆಂಪ್ಲಿಫೈಯರಿನ ಬೆನ್ನಿನಲ್ಲಿ ಒಂದು ತೂತಿದೆ. ಅದನ್ನು ಮನೆಗೆ ತಂದ ದಿನವೇ, ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ತುಂಡೊಂದನ್ನು ಆ ತೂತಿನ ಮೇಲೆ ಅಂಟಿಸಿಬಿಟ್ಟಿದ್ದೆ. ನಮ್ಮ ತಿಪಟೂರಿನ ಕಡೆ ಯಾವ ತೂತನ್ನೂ ತೆರೆದಿಡುವಂತಿಲ್ಲ. ಕಣಜ ಬಂದು ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಬೀಗದ ತೂತು, ಕೊಳಲಿನ ತೂತು, ಸ್ವಿಚ್ ಬೋರ್ಡಿನ ತೂತು ಎಂಬ ಭೇದ ಅದಕ್ಕಿಲ್ಲ. ವರ್ಷಕ್ಕೊಮ್ಮೆ, ಯುಗಾದಿಯ ಹಿಂದಿನ ದಿನ, ಹಳೆಯ ಪ್ಲಾಸ್ಟರು ಕಿತ್ತು ಹೊಸದು ಅಂಟಿಸುವುದು ನನ್ನ ಕ್ರಮ. ಮೂವತ್ತೆರಡು ವರ್ಷ ಹೀಗೆ ನಡೆಯಿತು. ತೂತಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಕ್ಸ್‌ಟೆನ್ಷನ್ ಸ್ಪೀಕರ್’ ಎಂದು ಬರೆದಿರುವುದನ್ನು ಪ್ರತಿ ಯುಗಾದಿಗೂ ಓದುತ್ತಿದ್ದೆ, ಮರೆಯುತ್ತಿದ್ದೆ. ಅದು ನನಗೆ ಬೇಕಾಗಬಹುದೆಂದು ಅನ್ನಿಸಿರಲೇ ಇಲ್ಲ.

ಗಿಟಾರು ಎಂದ ಕೂಡಲೇ ಹೆಗಲಿಗೆ ತಗುಲಿಸಿಕೊಂಡು ಕುಣಿಯುವ ಮುದುಕನನ್ನು ಕಲ್ಪಿಸಿಕೊಳ್ಳಬೇಡಿ. ನನ್ನದು ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಹವಾಯಿಯನ್ ಗಿಟಾರು. ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈಯಿಂದ ಮೀಟಬೇಕು. ನಾನು ಹೈಸ್ಕೂಲಿಗೆ ಗಣಿತ-ವಿಜ್ಞಾನದ ಮೇಷ್ಟ್ರಾಗಿ ಸೇರಿದ ಕಾಲದಲ್ಲಿ ಊರೂರಿನ ಆರ್ಕೆಸ್ಟ್ರಾಗಳಲ್ಲಿ ಈ ವಾದ್ಯವೊಂದು ಇದ್ದೇ ಇರುತ್ತಿತ್ತು. ಮದುವೆ ಮನೆಯೊಂದರಲ್ಲಿ ಕೇಳಿ ಮರುಳಾಗಿ ಕಲಿತೆ. ಇವತ್ತಿಗೂ ದಿನಾ ಸಂಜೆ ಐದೂವರೆಯಿಂದ ಆರೂಕಾಲರವರೆಗೆ ನುಡಿಸುತ್ತೇನೆ. ನಲವತ್ತೈದು ನಿಮಿಷ, ಅಂದರೆ ಶಾಲೆಯ ಒಂದು ಪಿರಿಯಡ್ಡು. ಹಾಡು ಅರ್ಧದಲ್ಲಿದ್ದರೂ ಆರೂಕಾಲಿಗೆ ನಿಲ್ಲಿಸುತ್ತೇನೆ. “ನಿಮ್ ಸಂಗೀತಕ್ಕೂ ಬೆಲ್ ಹೊಡಿಬೇಕೇನ್ರೀ?” ಎಂದು ನನ್ನ ಹೆಂಡತಿ ವಿಮಲ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಈಗ ಕೇಳುವುದಿಲ್ಲ. ನಾನು ನಿಲ್ಲಿಸಿದ್ದು ಕೇಳಿಸಿದರೆ ಎದ್ದು ದೇವರ ದೀಪ ಹಚ್ಚುತ್ತಾಳೆ.

ತಪ್ಪು ನನ್ನದಲ್ಲ, ಹಾಸ್ಟೆಲ್ಲಿನದು. ಹತ್ತನೇ ವಯಸ್ಸಿಗೆ ನನ್ನನ್ನು ಮಠದ ಹಾಸ್ಟೆಲ್ಲಿಗೆ ಸೇರಿಸಿದರು. ಬೆಳಗಿನ ನಾಲ್ಕೂವರೆಗೆ ಗಂಟೆ. ತಣ್ಣೀರು ಸ್ನಾನ, ಪ್ರಾರ್ಥನೆ, ಓದು, ಮುದ್ದೆ, ಶಾಲೆ, ಮತ್ತೆ ಪ್ರಾರ್ಥನೆ, ಮತ್ತೆ ಮುದ್ದೆ. ಊಟದ ತಟ್ಟೆಯನ್ನು ತೊಳೆದು ನೆಲದ ಮೇಲೆ ಎಳೆದಿದ್ದ ಸುಣ್ಣದ ಗೆರೆಗೆ ಸರಿಯಾಗಿ ಇಡಬೇಕು. ಚಾಪೆ ಸುತ್ತಿದರೆ ಅದರ ಅಂಚು ಹೊರಗೆ ಕಾಣಬಾರದು. ಆ ಆರು ವರ್ಷಗಳಲ್ಲಿ ನನ್ನೊಳಗೆ ಎಳೆದ ಗೆರೆಗಳು ನನಗೆ ಎಪ್ಪತ್ತೆರಡು ವಯಸ್ಸಾದರೂ ಅಳಿಸಿಲ್ಲ. ಇವತ್ತಿಗೂ ಚಪ್ಪಲಿ ಬಿಟ್ಟರೆ ಎರಡರ ಮೂಗೂ ಗೋಡೆಯ ಕಡೆಗೇ ಇರುತ್ತದೆ.

ನನ್ನ ಈ ಶಿಸ್ತನ್ನು ಮೆಚ್ಚದವಳು ಜಗತ್ತಿನಲ್ಲಿ ಒಬ್ಬಳೇ, ನನ್ನ ಅಕ್ಕ ಗಂಗಮ್ಮ. ನನಗಿಂತ ಆರು ವರ್ಷ ದೊಡ್ಡವಳು. ಶೆಟ್ಟಿಕೆರೆಯಲ್ಲಿ ಮಗ ಬಸವರಾಜು, ಸೊಸೆ ಮಂಜುಳ, ಎರಡು ಹಸು, ಮನೆ ತುಂಬ ಮಾತಿನ ನಡುವೆ ಇದ್ದಾಳೆ. ನನ್ನನ್ನು ಇನ್ನೂ ಪಾಪು ಎಂದೇ ಕರೆಯುತ್ತಾಳೆ. ತಿಂಗಳಿಗೆ ಎರಡು ಭಾನುವಾರ, ಒಂಬತ್ತು ಇಪ್ಪತ್ತರ ಬಸ್ಸಿಗೆ ನಾನು ಅಲ್ಲಿಗೆ ಹೋಗುತ್ತೇನೆ. ನಾಲ್ಕು ಹತ್ತರ ಬಸ್ಸಿಗೆ ವಾಪಸು ಬರುತ್ತೇನೆ.

ಎರಡು ವರ್ಷದಿಂದ ಅಕ್ಕನ ಕಿವಿ ಹೋಗುತ್ತಿದೆ. ಒಂದೇ ಸಲಕ್ಕೆ ಹೋಗಲಿಲ್ಲ. ಸಣ್ಣ ಶಬ್ದಗಳು ಒಂದೊಂದಾಗಿ ಕಳಚಿಕೊಂಡವು. ಮೊದಲು ಸೊಳ್ಳೆ ಹೋಯಿತು, ಅದಕ್ಕೆ ಅವಳಿಗೇನೂ ಬೇಸರವಿಲ್ಲ. ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಫೋನು, ಆಮೇಲೆ ಮಂಜುಳಳ ಮಾತು. ದಪ್ಪ ಶಬ್ದಗಳು ಉಳಿದುಕೊಂಡವು. ಟ್ರ್ಯಾಕ್ಟರು, ಗುಡುಗು, ಬಸವರಾಜುವಿನ ಕೆಮ್ಮು ಇವೆಲ್ಲ ಚೆನ್ನಾಗಿ ಕೇಳುತ್ತವೆ. ಕಿವಿಗೆ ಹಾಕಿಕೊಳ್ಳುವ ಮೆಷಿನ್ನು ತಂದುಕೊಟ್ಟರು. ಅದೀಗ ಸಾಸಿವೆ ಡಬ್ಬಿಯ ಪಕ್ಕದಲ್ಲಿ ಕೂತಿದೆ. “ಅದು ಹಾಕ್ಕಂಡ್ರೆ ತಟ್ಟೆ ಲೋಟಾನೇ ಜಾಸ್ತಿ ಮಾತಾಡ್ತವೆ ಕಣಪ್ಪ, ಜನ ಮಾತಾಡಲ್ಲ” ಎನ್ನುತ್ತಾಳೆ.

ವಯಸ್ಸಾದವರಿಗೆ ಕಿವಿ ಮಂದವಾಗುವುದು ಹೊಸದೇನಲ್ಲ. ಆದರೆ ಅಕ್ಕನ ಕಿವಿಯೊಳಗೆ ನನ್ನದೊಂದು ವಸ್ತು ಉಳಿದುಹೋಗಿತ್ತು. ಅದೇನೆಂದು ಹೇಳಬೇಕಾದರೆ ನಮ್ಮ ಅಟ್ಟ ಹತ್ತಬೇಕು.

ನೊಣವಿನಕೆರೆಯ ಹತ್ತಿರದ ನಮ್ಮ ಹಳೆಯ ಮನೆಯಲ್ಲಿ ಅಡಿಗೆಮನೆಯ ಮೇಲೆ ಅಟ್ಟ. ಕಿತ್ತ ತೆಂಗಿನಕಾಯನ್ನು ಸಿಪ್ಪೆಯ ಸಮೇತ ಅಲ್ಲಿ ಗುಡ್ಡೆ ಹಾಕುತ್ತಿದ್ದರು. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ಎರಡೂ ಸೇರಿ ತಿಂಗಳುಗಟ್ಟಲೆ ಒಣಗಿಸಿದರೆ ಒಳಗಿನ ನೀರು ಹೀರಿಹೋಗಿ ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ, ಒಡೆದರೆ ಕೆಟ್ಟಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಕ್ ಎಂದರೆ ನೀರಿದೆ, ಮತ್ತೆ ಅಟ್ಟಕ್ಕೆ. ಲೊಡಲೊಡ ಎಂದರೆ ಆಯಿತು, ಕೆಳಕ್ಕೆ. ಸುಲಿದ ಮೇಲೂ ಒಂದು ಪರೀಕ್ಷೆ ಉಂಟು. ಬೆರಳಿನ ಗೆಣ್ಣಿನಿಂದ ಚಿಪ್ಪಿನ ಮೇಲೆ ಕುಟ್ಟಬೇಕು. ಖಣ್ ಎಂದರೆ ಒಳ್ಳೆಯದು, ದೊಬ್ ಎಂದರೆ ಸಂಶಯ. ನಮ್ಮ ಸೀಮೆಯ ಮಕ್ಕಳು ಸರಿಗಮ ಕಲಿಯುವುದಕ್ಕೆ ಮುಂಚೆ ಈ ಖಣ್ ಮತ್ತು ದೊಬ್ ಕಲಿಯುತ್ತವೆ. ಅಕ್ಕನಂತೂ ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು, ಎರಡು ಕಿವಿಗೆ ಎರಡನ್ನೂ ಒಟ್ಟಿಗೇ ಅಲ್ಲಾಡಿಸಿ, ಒಂದನ್ನು ಕೆಳಕ್ಕೂ ಒಂದನ್ನು ಹಿಂದಕ್ಕೂ ಎಸೆಯುತ್ತಿದ್ದಳು. ಅವಳು ಎಸೆದದ್ದು ತಪ್ಪಿದ್ದು ನಾನು ಕಂಡಿಲ್ಲ.

ಹಾಸ್ಟೆಲ್ಲು ಸೇರಿದ ಮರುವರ್ಷ ಬೇಸಿಗೆ ರಜಕ್ಕೆ ಮನೆಗೆ ಬಂದಿದ್ದೆ. ಅವ್ವನೂ ಅಕ್ಕನೂ ಹೊಲಕ್ಕೆ ಹೋಗಿದ್ದಾಗ ಅಟ್ಟ ಹತ್ತಿ ನೋಡಿದರೆ ಎಂಥ ಅವ್ಯವಸ್ಥೆ! ದಪ್ಪ ಕಾಯಿ, ಸಣ್ಣ ಕಾಯಿ, ಉದ್ದ ಕಾಯಿ ಎಲ್ಲ ಗುಡ್ಡೆಗುಡ್ಡೆಯಾಗಿ ಬಿದ್ದಿವೆ. ಮಠದ ಹುಡುಗನ ಕೈ ಸುಮ್ಮನಿರಲಿಲ್ಲ. ಮಧ್ಯಾಹ್ನವೆಲ್ಲ ಬೆವರು ಸುರಿಸಿ, ಗಾತ್ರದ ಪ್ರಕಾರ ಹತ್ತು ಹತ್ತರ ಸಾಲು ಮಾಡಿದೆ. ಪ್ರತಿ ಕಾಯಿಯ ತೊಟ್ಟೂ ಒಂದೇ ಕಡೆಗೆ. ಅವ್ವ ಬಂದು ನೋಡಿದರೆ ಶಭಾಷ್ ಎನ್ನುತ್ತಾಳೆಂದು ಏಣಿಯ ಮೇಲೆಯೇ ಕಾದು ಕೂತೆ.

ಅವ್ವ ಹತ್ತಿ ನೋಡಿದಳು. ಹಣೆಗೆ ಕೈ ಇಟ್ಟುಕೊಂಡು ಕೂತುಬಿಟ್ಟಳು. ಅಕ್ಕ ಹಿಂದೆಯೇ ಬಂದವಳು ಕೂಗಿದಳು: “ಕಾಯಿಗೆ ಪರೇಡ್ ಮಾಡುಸ್ತೀಯೇನ್ಲಾ? ಹೋದ ವರ್ಷದ್ದು ಯಾವ್ದು, ಮೊನ್ನೆ ಕಿತ್ತಿದ್ದು ಯಾವ್ದು, ಈಗ ನಿಮ್ ಮಠದವ್ರು ಬಂದು ಹೇಳ್ತಾರಾ?”

ನನಗೆ ಅವ್ಯವಸ್ಥೆಯಾಗಿ ಕಂಡ ಗುಡ್ಡೆಗಳೇ ಅವ್ವನ ವ್ಯವಸ್ಥೆ ಎಂದು ಆಗ ತಿಳಿಯಿತು. ಒಂದೊಂದು ಸಲ ಕಿತ್ತದ್ದು ಒಂದೊಂದು ಗುಡ್ಡೆ. ನಾನು ಎಲ್ಲವನ್ನೂ ಬೆರೆಸಿ ಸಾಲಾಗಿ ನಿಲ್ಲಿಸಿದ್ದೆ. ಅವರಿಬ್ಬರೂ ಅಟ್ಟದ ಅಷ್ಟೂ ಕಾಯನ್ನು ಒಂದೊಂದಾಗಿ ಅಲ್ಲಾಡಿಸಿ ಮತ್ತೆ ಬೇರೆ ಮಾಡಬೇಕಾಯಿತು. ಎರಡು ದಿನ ಹಿಡಿಯಿತು. ಆ ಎರಡು ದಿನವೂ ಅವ್ವ ಒಂದು ರಾಗವನ್ನು ಗುನುಗುತ್ತಿದ್ದಳು. ಅದಕ್ಕೆ ಮಾತಿರಲಿಲ್ಲ, ಹೆಸರೂ ಇರಲಿಲ್ಲ. ಎಲ್ಲಿಂದ ಕಲಿತಳೋ, ತಾನೇ ಕಟ್ಟಿದಳೋ ಗೊತ್ತಿಲ್ಲ. ಶಿಕ್ಷೆಯೆಂದು ನನ್ನನ್ನು ಅಟ್ಟಕ್ಕೆ ಸೇರಿಸದೆ ಏಣಿಯ ಮೇಲೆ ನಿಲ್ಲಿಸಿ, ಆದ ಕಾಯನ್ನು ಕೆಳಗಿಳಿಸುವ ಕೆಲಸ ಕೊಟ್ಟಿದ್ದರು. ಅವ್ವ ಏಣಿಯ ಕಡೆ ಇದ್ದಾಗ ರಾಗದ ಮೊದಲ ಭಾಗ ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ ಅವಳು ಕಾಯಿ ಹಿಡಿದು ದೂರದ ಮೂಲೆಗೆ ಸರಿಯುವಳು, ರಾಗದ ಎರಡನೆಯ ಭಾಗವೂ ಅವಳ ಜೊತೆ ಮೂಲೆಗೆ ಹೋಗಿಬಿಡುವುದು. ಹೀಗೆ ನನ್ನ ಪಾಲಿಗೆ ಅರ್ಧ ರಾಗ ಬಂತು. ಪೂರ್ತಿ ಸಿಕ್ಕಿದ್ದು ಪಕ್ಕದಲ್ಲೇ ಇದ್ದ ಅಕ್ಕನಿಗೆ.

ಗಿಟಾರು ಕಲಿತ ಮೇಲೆ ಆ ರಾಗವನ್ನು ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಎಷ್ಟೋ ಸಲ ನುಡಿಸಿದ್ದೇನೆ. ಮೊದಲ ಭಾಗಕ್ಕೆ ತಲೆದೂಗುತ್ತಿದ್ದಳು. ಎರಡನೆಯದನ್ನು ನಾನೇ ಊಹಿಸಿ ಎತ್ತಿದರೆ, “ಅಲ್ಲ” ಎನ್ನುತ್ತಿದ್ದಳು. ಒಂದು ಸಲ ಹಾಡಿಯೂ ತೋರಿಸುತ್ತಿದ್ದಳು. ಅಷ್ಟರಲ್ಲಿ ನಾಲ್ಕು ಗಂಟೆಯಾಗಿರುತ್ತಿತ್ತು. “ಆಯ್ತಕ್ಕ, ಮುಂದಿನ್ ಸಲ” ಎಂದು ನಾನು ಗಿಟಾರಿಗೆ ಗವಸು ಹಾಕಿ ಬಸ್ಸಿಗೆ ಹೊರಡುತ್ತಿದ್ದೆ. ಎಷ್ಟು ವರ್ಷ ಹೀಗೆ? ಲೆಕ್ಕದ ಮೇಷ್ಟ್ರು ಈ ಲೆಕ್ಕ ಮಾಡಲು ಹೋಗುವುದಿಲ್ಲ.

ಮೂರು ವರ್ಷದ ಕೆಳಗೆ ಅಕ್ಕನಿಗೆ ಗಂಟಲಿನ ಆಪರೇಷನ್ ಆಯಿತು. ಮಾತು ಉಳಿಯಿತು, ರಾಗ ಹೋಯಿತು. ಹಾಡಲು ಬಾಯಿ ತೆರೆದರೆ ಬರಿ ಗಾಳಿ ಬರುತ್ತದೆ. ಹೋಗಲಿ, ನಾನು ನುಡಿಸುತ್ತೇನೆ, ಅವಳು ಅಲ್ಲ ಎನ್ನಲಿ, ಅಲ್ಲ ಅಲ್ಲ ಎನ್ನುತ್ತಲೇ ಒಂದು ದಿನ ಹೌದು ಎಂಬಲ್ಲಿಗೆ ಮುಟ್ಟುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಕಿವಿಯೂ ಹೊರಟಿತು. ಅವ್ವನ ರಾಗ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ.

ಹೋದ ಮಾಘದಲ್ಲಿ ಆಂಪ್ಲಿಫೈಯರನ್ನೂ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಅಕ್ಕನ ಎದುರಿಗಿಟ್ಟು, ಶಬ್ದದ ತಿರುಪನ್ನು ಕೊನೆಯವರೆಗೆ ತಿರುಗಿಸಿ ನುಡಿಸಿದೆ. ಹಿತ್ತಲಿನ ಹಸು ಹಗ್ಗ ಕಿತ್ತುಕೊಳ್ಳಲು ನೋಡಿತು. ಮಂಜುಳ ಕಿವಿ ಮುಚ್ಚಿಕೊಂಡು ಒಳಗೆ ಹೋದಳು. ಅಕ್ಕ ಮಾತ್ರ ನನ್ನ ಎಡಗೈಯನ್ನೇ ನೋಡುತ್ತಾ ಕೂತಿದ್ದಳು.

“ಬಾರುಸ್ತಾ ಇದೀಯೋ, ಒರುಸ್ತಾ ಇದೀಯೋ?” ಎಂದಳು.

ನಾನು ನಕ್ಕೆ. ತಂತಿಯ ಮೇಲೆ ಉಕ್ಕಿನ ತುಂಡು ಅತ್ತಿತ್ತ ಜಾರುವುದು ನಿಜಕ್ಕೂ ಮೇಜು ಒರೆಸಿದ ಹಾಗೇ ಕಾಣುತ್ತದೆ. ಬಸ್ಸಿನಲ್ಲಿ ಕೂತ ಮೇಲೆ ನಗು ಉಳಿಯಲಿಲ್ಲ. ಮನೆಗೆ ಬಂದು ಆಂಪ್ಲಿಫೈಯರನ್ನು ಗೋಡೆಗೆ ತಿರುಗಿಸಿಡುವಾಗ ಪ್ಲಾಸ್ಟರು ಕಣ್ಣಿಗೆ ಬಿತ್ತು. ಯುಗಾದಿ ಇನ್ನೂ ದೂರವಿತ್ತು. ಆದರೂ ಕಿತ್ತೆ; ಇನ್ನೊಂದು ದೊಡ್ಡ ಸ್ಪೀಕರನ್ನು ಹೊರಗಿನಿಂದ ಸಿಕ್ಕಿಸುವ ತೂತು ಅದು.

ಒಂದು ವಸ್ತು ಕೊಳ್ಳುವ ಮುಂಚೆ ನೋಟುಬುಕ್ಕಿನಲ್ಲಿ ಪಟ್ಟಿ ಹಾಕುವುದು ನನ್ನ ಪದ್ಧತಿ. ಅಗಲ, ಎತ್ತರ, ತೂಕ, ಓಮ್, ವ್ಯಾಟ್ ಎಂದು ಐದು ಕಾಲಮ್ಮು ಎಳೆದೆ. ಬಸ್ಸಿನಲ್ಲಿ ಕಾಲಿನ ಹತ್ತಿರ ಹಿಡಿಯುತ್ತದೆಯೇ ಎಂಬುದು ಆರನೆಯದು. ಅದನ್ನು ಹಿಡಿದು ರಹಮತ್ ಸಾಬರ ಅಂಗಡಿಗೆ ಹೋದೆ. ಸಾಬರು ನನ್ನ ಓರಗೆಯವರು, ತಿಪಟೂರಿನ ಸುತ್ತ ಮದುವೆ, ನಾಟಕ, ಚುನಾವಣೆಗಳಿಗೆಲ್ಲ ಮೈಕ್ ಸೆಟ್ ಕಟ್ಟಿದವರು. ಈಗ ಹಳೆಯ ಸ್ಪೀಕರುಗಳ ನಡುವೆ ಸ್ಟೂಲು ಹಾಕಿಕೊಂಡು ರಿಪೇರಿ ಮಾಡುತ್ತಾ ಕೂತಿರುತ್ತಾರೆ.

“ಎಷ್ಟು ಜನಕ್ಕೆ ಕೇಳುಸ್ಬೇಕು ಮೇಷ್ಟ್ರೇ?”

“ಒಬ್ಬರಿಗೆ.”

ಸಾಬರು ಕನ್ನಡಕ ತೆಗೆದರು. “ಒಬ್ಬರಿಗಾ? ಕಷ್ಟ. ಸಾವಿರ ಜನ ಅಂದ್ರೆ ಸುಲಭ, ಯಾರಿಗೋ ಕೇಳುಸ್ತದೆ, ಯಾರಿಗೋ ಕೇಳುಸಲ್ಲ, ನಡೀತದೆ. ಒಬ್ರೇ ಅಂದ್ರೆ ಅವರ ಕಿವಿ ನೋಡಿ ಕೊಡ್ಬೇಕು.”

ಅಕ್ಕನ ಕಿವಿಯ ವಿಷಯ ಹೇಳಿದೆ. ದಪ್ಪ ಶಬ್ದ ಕೇಳುತ್ತದೆ, ಸಣ್ಣದು ಇಲ್ಲ. ಅವರು ತಲೆಯಾಡಿಸಿದರು. ನನ್ನ ಆಂಪ್ಲಿಫೈಯರಿನೊಳಗೆ ಇರುವುದು ಊಟದ ತಟ್ಟೆಗಿಂತ ಸಣ್ಣ ಎಂಟಿಂಚಿನ ಸ್ಪೀಕರು, ಅದರಿಂದ ದಪ್ಪ ಶಬ್ದ ಹೊರಡುವುದಿಲ್ಲ, ಕಡಿಮೆ ಅಂದರೆ ಹನ್ನೆರಡಿಂಚಿನದು ಬೇಕು ಎಂದರು. ಓಮ್, ಅಂದರೆ ವಿದ್ಯುತ್ತಿಗೆ ಅದರ ತಡೆ ಎಷ್ಟು ಎಂದು ಕೇಳಿದರು. ಎಂಟು ಎಂದೆ. “ಒಳಗಿರೋದು ಎಂಟು, ಹೊರಗೆ ಹಾಕೋದೂ ಎಂಟು, ಎರಡೂ ಸೇರಿದ್ರೆ ನಾಲ್ಕು. ನಿಮ್ಮದು ನಾಲ್ಕು ತಡೀತದೆ. ಅದಕ್ಕಿಂತ ಕೆಳಗೆ ಹೋದ್ರೆ ಹೊಗೆ.” ಸಮಾಂತರವಾಗಿ ಜೋಡಿಸಿದರೆ ಎಂಟಕ್ಕೆ ಎಂಟು ಸೇರಿ ನಾಲ್ಕಾಗುವ ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಮೂವತ್ತು ವರ್ಷ ನಾನೇ ಬರೆದಿದ್ದೆ. ನಿಜವಾಗಿ ಬೇಕಾದದ್ದು ಆವತ್ತೇ ಮೊದಲು.

ಅಂಗಡಿಯಲ್ಲಿ ನನಗೊಪ್ಪುವಂಥವು ಮೂರಿದ್ದವು. ಒಂದು, ಉದ್ದನೆಯ ಪೆಟ್ಟಿಗೆಯಲ್ಲಿ ನಾಲ್ಕು ಸಣ್ಣ ಸ್ಪೀಕರುಗಳನ್ನು ಒಂದರ ಮೇಲೊಂದು ಕೂರಿಸಿದ್ದು. “ಅದು ಭಾಷಣದ್ದು, ಬೇಡ” ಎಂದು ಸಾಬರೇ ಬದಿಗೆ ಸರಿಸಿದರು. ಎರಡನೆಯದು ಕಾರ್ಖಾನೆಯಲ್ಲಿ ಮಾಡಿದ್ದು, ದಪ್ಪ ಹಲಗೆ, ಹೊರಗೆಲ್ಲ ಕಪ್ಪು ಬಟ್ಟೆ. ಮೂರನೆಯದು ತುರುವೇಕೆರೆಯ ಬಡಗಿಯೊಬ್ಬ ಯಾವುದೋ ನಾಟಕದ ಕಂಪನಿಗೆಂದು ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟಿದ್ದ ಹಳೆಯ ಪೆಟ್ಟಿಗೆ. ತೆಳು ಹಲಗೆ, ಅರಿಸಿನದಂಥ ಬಣ್ಣ. ಎರಡರಲ್ಲೂ ಹನ್ನೆರಡಿಂಚಿನ ಸ್ಪೀಕರೇ. ಓಮ್, ವ್ಯಾಟ್ ಎಲ್ಲ ಸಮ ಸಮ. ನೋಟುಬುಕ್ಕಿನ ಕಾಲಮ್ಮುಗಳು ಕೈಕಟ್ಟಿ ನಿಂತವು.

ಆಗ ನನ್ನ ಕೈ ನನ್ನನ್ನು ಕೇಳದೆ ಕೆಲಸ ಮಾಡಿತು. ಬಗ್ಗಿ, ಬೆರಳಿನ ಗೆಣ್ಣಿನಿಂದ ಕಪ್ಪು ಪೆಟ್ಟಿಗೆಯ ಮೇಲೆ ಕುಟ್ಟಿದೆ. ದೊಬ್. ಹಲಸಿನದರ ಮೇಲೆ ಕುಟ್ಟಿದೆ. ಖಣ್.

“ಇದೇ ಇರಲಿ” ಎಂದೆ.

ಸಾಬರು ಹಣೆ ಚಚ್ಚಿಕೊಂಡರು. “ಮೇಷ್ಟ್ರೇ, ಇದೇನು ಕಾಯಿ ವ್ಯಾಪಾರಾನಾ? ಈ ಊರಲ್ಲಿ ಸ್ಪೀಕರ್ ತಗೊಳಕ್ಕೆ ಬಂದೋರೆಲ್ಲ ಇದೇ ತಪ್ಪು ಮಾಡ್ತಾರೆ. ಕುಟ್ಟೋದು, ಖಣ್ ಅಂದ್ರೆ ಹೊತ್ಕೊಂಡೋಗೋದು. ಕೇಳಿ ಇಲ್ಲಿ. ಸ್ಪೀಕರ್ ಹಾಡ್ಬೇಕು, ಬಾಕ್ಸು ಹಾಡಬಾರದು. ಬಾಕ್ಸು ಬಾಯ್ಮುಚ್ಕೊಂಡಿರ್ಬೇಕು.”

ಶಾಸ್ತ್ರ ಅವರ ಕಡೆಗಿತ್ತು. ಹಲಗೆ ತನ್ನ ಶಬ್ದವನ್ನೂ ಸೇರಿಸಿದರೆ ಸ್ವರ ಕದಡುತ್ತದೆ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆದರೆ ದೊಬ್ ಎನ್ನುವ ವಸ್ತುವನ್ನು ಆರಿಸಿ ಮನೆಗೆ ತರುವುದು ನನ್ನಿಂದ ಆಗದ ಕೆಲಸ. ಅವ್ವ ಇದ್ದಿದ್ದರೆ ಅಟ್ಟದಿಂದ ಇಳಿದು ಬಂದು ಕೇಳುತ್ತಿದ್ದಳು. ಹಲಸಿನದನ್ನೇ ಆಟೋದಲ್ಲಿ ಇಟ್ಟುಕೊಂಡು ಬಂದೆ.

ಸಂಜೆ ಐದೂವರೆಗೆ ತೂತಿಗೆ ವೈರು ಸಿಕ್ಕಿಸಿದೆ. ಮೇಲಿನ ತಂತಿಗಳಲ್ಲಿ ಪರವಾಗಿಲ್ಲ. ಕೆಳಗಿನ ದಪ್ಪ ತಂತಿಯನ್ನು ಮೀಟಿದ್ದೇ ತಡ, ಪೆಟ್ಟಿಗೆ ಗುಂಯ್ ಎಂದು ಗೂಳಿಯ ಹಾಗೆ ಸ್ವರ ಎಳೆಯಿತು. ಅಡಿಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಕುಣಿದವು. “ಏನ್ರೀ ಅದು, ಬೋರ್‌ವೆಲ್ ಲಾರಿ ಬಂತಾ?” ಎಂದು ವಿಮಲ ಹೊರಗೆ ಬಂದಳು.

ಮರ್ಯಾದೆ ಬಿಟ್ಟು ಸಾಬರಿಗೆ ಫೋನು ಮಾಡಿದೆ. ಅವರು ನಗಲಿಲ್ಲ, ಅದೇ ದೊಡ್ಡ ಉಪಕಾರ. “ಹಿಂದಿನ ಹಲಗೆ ಬಿಚ್ಚಿ, ಒಳಗೆ ಮೆತ್ತನೇದು ಏನಾದ್ರೂ ತುಂಬಿ, ಸುಮ್ನಾಗ್ತದೆ” ಎಂದರು. ನಮ್ಮಲ್ಲಿ ಮೆತ್ತನೆಯದಕ್ಕೆ ಏನು ಬರ? ತೆಂಗಿನ ನಾರನ್ನು ಬಿಸಿಲಿಗೆ ಹಾಕಿ, ಬಿಡಿಸಿ, ಸಮನಾದ ಸಿಂಬಿಗಳನ್ನಾಗಿ ಸುತ್ತಿ, ಸಾಲಾಗಿ ಜೋಡಿಸಿ, ಸಂದಿಲ್ಲದಂತೆ ತುಂಬಿದೆ. ಆರು ಸ್ಕ್ರೂ ಹಾಕಿದೆ. ಪೆಟ್ಟಿಗೆ ಬಾಯಿ ಮುಚ್ಚಿತು. ದಪ್ಪ ತಂತಿಯೂ ಹಾಸ್ಟೆಲ್ಲಿನ ಹುಡುಗನ ಹಾಗೆ ಮೆಲ್ಲಗೆ ಮಾತಾಡಿತು. ನನಗೆ ಬಹಳ ಸಮಾಧಾನವಾಯಿತು.

ಮುಂದಿನ ಭಾನುವಾರ ಕಂಡಕ್ಟರ್ ಪೆಟ್ಟಿಗೆಯನ್ನು ನೋಡಿ, “ಏನ್ ಸಾರ್, ಜೇನ್ ಪೆಟ್ಟಿಗೇನಾ?” ಎಂದು ದೂರ ನಿಂತ. ಶೆಟ್ಟಿಕೆರೆಯ ಸ್ಟಾಪಿಗೆ ಬಸವರಾಜು ಬೈಕು ತಂದಿದ್ದ. ಊಟ ಮುಗಿದು ಮೂರು ಗಂಟೆಯಾದ ಮೇಲೆ ಪಡಸಾಲೆಯಲ್ಲಿ ಅಕ್ಕನ ಮಂಚದ ಪಕ್ಕ ಪೆಟ್ಟಿಗೆಯನ್ನು ಗೋಡೆಗೆ ಸಮನಾಗಿ ಇಟ್ಟೆ. ಆಂಪ್ಲಿಫೈಯರಿನಿಂದ ಅದಕ್ಕೆ ವೈರು ಎಳೆದೆ. ಮಂಜುಳ ಈ ಸಲ ಮೊದಲೇ ಬಾಗಿಲಲ್ಲಿ ನಿಂತಿದ್ದಳು, ಓಡುವುದಕ್ಕೆ ಅನುಕೂಲವಾಗಿ.

ಅವ್ವನ ರಾಗದ ಮೊದಲ ಭಾಗ ನುಡಿಸಿದೆ. ಅಕ್ಕನ ಮುಖ ನೋಡಿದೆ.

“ಒರುಸ್ತಾ ಇದೀಯ” ಎಂದಳು.

ಮತ್ತೆ ನುಡಿಸಿದೆ. ಅಕ್ಕ ತಲೆ ಅಲ್ಲಾಡಿಸಿದಳು. “ಬುಡು ಪಾಪು. ನಿನ್ ಕೈ ನೋಯಿಸ್ಕಬೇಡ. ಕಾಫಿ ಕುಡಿ.”

ಆ ‘ಬುಡು’ ನನಗೆ ಹಿಡಿಸಲಿಲ್ಲ. ಅಕ್ಕ ಯಾವುದನ್ನೂ ಬಿಟ್ಟವಳಲ್ಲ. ಗುಳುಕ್ ಎಂದ ಕಾಯನ್ನೂ ಬಿಸಾಡಿದವಳಲ್ಲ, ಮತ್ತೆ ಅಟ್ಟಕ್ಕೆ ಹಾಕಿ ಕಾದವಳು. ನಾನು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ. ಮಂಜುಳ ಕಾಫಿ ತಂದು ಪೆಟ್ಟಿಗೆಯ ಮೇಲಿಟ್ಟಳು. ಅಕ್ಕ ಲೋಟಕ್ಕೆ ಕೈ ಚಾಚಿದವಳು, ತೆಗೆದುಕೊಳ್ಳದೆ, ಪೆಟ್ಟಿಗೆಯ ಹಲಗೆಯನ್ನು ಸವರಿದಳು. “ಹಲಸಿಂದು” ಎಂದಳು. ಆಮೇಲೆ ಬೆರಳು ಮಡಿಸಿ ಗೆಣ್ಣಿನಿಂದ ಕುಟ್ಟಿದಳು. ಕುಟ್ಟಿ, ಅಲ್ಲೇ ಕೈ ಇಟ್ಟುಕೊಂಡು, ಇನ್ನೊಂದು ಕಡೆ ಕುಟ್ಟಿದಳು.

“ಇದರೊಳಗೆ ಇನ್ನೂ ನೀರೈತಲ್ಲೋ” ಎಂದಳು.

ಮಂಜುಳ ಗಾಬರಿಯಾದಳು. “ಅಯ್ಯೋ ಮಾವ, ಕಾಫಿ ಚೆಲ್ಲಿತಾ?”

“ಕಾಫಿ ಅಲ್ಲ ಕಣೇ” ಎಂದೆ. ನಾರು ತುಂಬಿದ ಪೆಟ್ಟಿಗೆ ಅವಳ ಕೈಗೆ ದೊಬ್ ಎಂದಿತ್ತು. “ಸ್ಕ್ರೂಡ್ರೈವರ್ ಐತಾ?”

ಬಸವರಾಜುವಿನ ಬೈಕಿನ ಡಬ್ಬಿಯಲ್ಲಿತ್ತು. ಆರೂ ಸ್ಕ್ರೂ ಬಿಚ್ಚಿದೆ. ಸಾಲಾಗಿ ಜೋಡಿಸಿದ್ದ ನಾರಿನ ಸಿಂಬಿಗಳನ್ನು ಒಂದೊಂದಾಗಿ ಎಳೆದು ಪಡಸಾಲೆಯ ಮೇಲೆ ಹಾಕಿದೆ. ಅಕ್ಕ ನೋಡುತ್ತಿದ್ದಳು. “ಅದರೊಳಕ್ಕೂ ಪರೇಡ್ ಮಾಡ್ಸಿದ್ದೀಯಲ್ಲೋ!” ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಅರವತ್ತು ವರ್ಷದ ಹಿಂದಿನ ಅಟ್ಟ ಅವಳಿಗೆ ಮರೆತಿರಲಿಲ್ಲ. ಹಿಂದಿನ ಹಲಗೆಯನ್ನು ಮತ್ತೆ ಹಾಕಿದೆ. ಅಕ್ಕ ಕುಟ್ಟಿದಳು. ಈ ಸಲ ಮಂಚದ ಅಂಚಿಗೆ ಸರಿದು, ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಿವಿಯನ್ನು ಹತ್ತಿರಕ್ಕೆ ತಂದಳು. ಹೆಗಲು ಮುಂದಕ್ಕೆ, ತಲೆ ಒಂದು ಕಡೆ ವಾಲಿಸಿ. ಕಾಯಿ ಕೇಳುವವರು ಕೂರುವುದು ಹಾಗೆಯೇ.

ನುಡಿಸಿದೆ. ಮೊದಲ ಭಾಗದ ನಡುವಿಗೆ ಬರುವಷ್ಟರಲ್ಲಿ ಅವಳ ತಲೆ ದೂಗಿತು. ಎರಡು ವರ್ಷದಿಂದ ನಾನು ನೋಡದಿದ್ದ ದೂಗಾಟ. ನನ್ನ ಕೈಯಲ್ಲಿದ್ದ ಉಕ್ಕಿನ ತುಂಡು ಬೆವರಿಗೆ ಜಾರಿತು. ಸಾವರಿಸಿಕೊಂಡು ಎರಡನೆಯ ಭಾಗಕ್ಕೆ ಹೋದೆ, ಯಾವಾಗಲೂ ಹೋಗುವ ಹಾಗೆ, ಮೇಲಕ್ಕೆ.

ಅಕ್ಕ ಪೆಟ್ಟಿಗೆಯ ಮೇಲೆ ಫಟ್ ಎಂದು ಹೊಡೆದಳು. “ಅಲ್ಲ!”

ಎಷ್ಟೋ ಪ್ರಶಸ್ತಿ ಪತ್ರಗಳನ್ನು ಕಟ್ಟು ಹಾಕಿಸಿ ಗೋಡೆಗೆ ಸಾಲಾಗಿ ತೂಗುಹಾಕಿದ್ದೇನೆ. ಯಾವುದೂ ನನಗೆ ಈ ‘ಅಲ್ಲ’ದಷ್ಟು ಸಂತೋಷ ಕೊಟ್ಟಿರಲಿಲ್ಲ. ಬೇರೆ ಥರ ಎತ್ತಿದೆ. “ಅಲ್ಲ.” ಇನ್ನೊಂದು ಥರ. “ಅಲ್ಲ ಕಣ್ಲಾ.” ಮಂಜುಳ ಬಾಗಿಲು ಬಿಟ್ಟು ಬಂದು ನೆಲದ ಮೇಲೆ ಕೂತಳು. ಇನ್ನೊಂದು ಥರ. ಅಕ್ಕನಿಗೆ ರೇಗಿತು. ಹಾಡಲು ಬಾಯಿ ತೆರೆದಳು, ಗಾಳಿ ಬಂತು. ಬಾಯಿ ಮುಚ್ಚಿ, ಅಂಗೈಯನ್ನು ಪೆಟ್ಟಿಗೆಯಿಂದ ಎತ್ತಿ, ನೆಲದ ಕಡೆಗೆ ಒತ್ತಿ ಒತ್ತಿ ತೋರಿಸಿದಳು. ಕೆಳಕ್ಕೆ. ಕೆಳಕ್ಕೆ.

ಕೆಳಕ್ಕೆ ಹೋದರೆ ಆ ದಪ್ಪ ತಂತಿ. ಅದು ಗುಂಯ್ ಎನ್ನಬಾರದೆಂದೇ ನಾನು ನಾರು ತುಂಬಿದ್ದೆ.

ಮುಟ್ಟಿದೆ. ಪೆಟ್ಟಿಗೆ ಗುಂಯ್ ಎಂದಿತು. ಕಾಫಿ ಲೋಟ ನಡುಗುತ್ತಾ ಅಂಚಿಗೆ ಬಂತು, ಮಂಜುಳ ಹಿಡಿದುಕೊಂಡಳು. ಆ ಸ್ವರದಿಂದ ಇನ್ನೂ ಒಂದು ಮೆಟ್ಟಿಲು ಇಳಿದು, ನಿಂತು, ಮೆಲ್ಲಗೆ ಮೇಲಕ್ಕೆ ಬಂದೆ. ‘ಅಲ್ಲ’ ಬರಲಿಲ್ಲ. ಅಕ್ಕನ ಕಣ್ಣು ಮುಚ್ಚಿತ್ತು. ಅಂಗೈ ಪೆಟ್ಟಿಗೆಯ ಮೇಲಿತ್ತು, ಅದರ ಜೊತೆಯಲ್ಲೇ ಸಣ್ಣಗೆ ಅದುರುತ್ತಿತ್ತು.

“ಹೂಂ. ಅಲ್ಲಿ ಅವ್ವ ಬಗ್ಗತಿದ್ಲು” ಎಂದಳು. “ಆ ಮೂಲೇಲಿ ಸೂರು ತಗ್ಗು ಅಲ್ವೇನೋ. ತಲೆ ತಾಗುತ್ತೆ ಅಂತ ಬಗ್ಗತಿದ್ಲು. ಅವಳು ಬಗ್ಗಿದ್ರೆ ಹಾಡೂ ಬಗ್ಗತಿತ್ತು.”

ಏಣಿಯ ಮೇಲೆ ನಿಂತ ನನಗೆ ಅದು ಹೇಗೆ ಗೊತ್ತಾಗಬೇಕು? ನಾನು ನೇರವಾಗಿ ನಿಂತಿದ್ದೆ.

ಇನ್ನೊಂದು ಸಲ ನುಡಿಸು ಎಂದಳು. ನುಡಿಸಿದೆ. ಮತ್ತೊಂದು ಸಲ ಎಂದಳು. ಹೊರಗೆ ರಸ್ತೆಯ ಕಡೆ ಬಸ್ಸು ಹಾರ್ನ್ ಹೊಡೆದು ನಿಂತದ್ದು, ಮತ್ತೆ ಹೊರಟದ್ದು ಎರಡೂ ನನಗೆ ಕೇಳಿಸಿದವು. ನಾಲ್ಕು ಹತ್ತು. ನಾನು ಎರಡನೆಯ ಭಾಗದಲ್ಲಿದ್ದೆ, ಮೂಲೆಯಲ್ಲಿ, ಬಗ್ಗಿಕೊಂಡು. ಎದ್ದರೆ ತಲೆ ತಾಗುತ್ತಿತ್ತು.

ಕೊನೆಗೆ ಜೇಬಿನಿಂದ ನೋಟುಬುಕ್ಕು ತೆಗೆದೆ. ಆರು ಕಾಲಮ್ಮಿನ ಪಟ್ಟಿಯ ಮುಂದಿನ ಹಾಳೆ ತಿರುವಿ, ಸ್ವರ ಬರೆದುಕೊಳ್ಳಲು ಸ್ಕೇಲಿಟ್ಟು ಗೆರೆ ಎಳೆಯತೊಡಗಿದೆ.

“ಬರ್ಕಂತೀಯಾ?” ಎಂದಳು ಅಕ್ಕ, ಕಾಫಿ ಲೋಟವನ್ನು ಸೊಸೆಯ ಕೈಯಿಂದ ತೆಗೆದುಕೊಳ್ಳುತ್ತಾ. “ಬರ್ಕ. ಆದ್ರೆ ಕಾಯಿ ಜೋಡುಸ್ದಂಗೆ ಜೋಡುಸ್ಬೇಡ ಕಣ್ಲಾ. ಮತ್ತೆ ಎಲ್ಲಾನೂ ಅಲ್ಲಾಡಿಸಿ ನೋಡಕ್ಕೆ ಈಗ ನಾನೊಬ್ಬಳೇ ಇರೋದು.”

ಸ್ಕೇಲನ್ನು ಜೇಬಿಗೆ ಹಾಕಿಕೊಂಡೆ. ಗೆರೆ ಇಲ್ಲದ ಹಾಳೆಯ ಮೇಲೆ, ಎಲ್ಲಿ ಇಳಿಯಿತೋ ಅಲ್ಲಿ ಇಳಿಸಿ, ಬರೆದುಕೊಂಡೆ.